ಒಂದು ಚಿಟಿಕೆ ಮದ್ದು

ಗಂಡನಿಗೆ ಮದ್ದು ಹಾಕಿದ್ದಾಳೆ ಎಂದು ನಮ್ಮತ್ತೆ ನನ್ನ ಮೇಲೆ ಹೊರಿಸಿದ ಅಪವಾದ ಹಳೆಯದು. ಮದುವೆಯಾದ ಹೊಸದರಲ್ಲಿ ಮಗ ಸಿನಿಮಾಕ್ಕೆ ತಾಯಿಯನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದ ಎಂಬ ಒಂದೇ ಕಾರಣಕ್ಕೆ ಬಂದದ್ದು. ಆಗ ನಾನು ಅತ್ತು, ಊಟ ಬಿಟ್ಟು, ತೌರಿಗೆ ಹೊರಟು ನಿಂತಿದ್ದೆ. ಹೋದ ವರ್ಷ ಅವರೇನಾದರೂ ಮೈಸೂರಿನಿಂದ ಅಮೆರಿಕಕ್ಕೆ ಬಂದು, ಕ್ಯಾಂಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿದು ನೋಡಿದ್ದರೆ ಸಾಕ್ಷಿಸಮೇತ ಗೆದ್ದುಬಿಡುತ್ತಿದ್ದರು. ಆ ವರ್ಷವೆಲ್ಲ ನಾನು ಮಾಡಿದ್ದು ಅದೇ ಕೆಲಸ, ಗಂಡನಿಗೆ ಮದ್ದು ಹಾಕಿದ್ದು. ಬಂದೂಕಿನ ಮದ್ದು, ಅಷ್ಟೇ ವ್ಯತ್ಯಾಸ.

ನನ್ನ ಯಜಮಾನರ ಹೆಸರು ಜಯಸಿಂಹ. (ಹೆಸರಿನಲ್ಲಿ ಜಯವೂ ಇದೆ, ಸಿಂಹವೂ ಇದೆ. ಇನ್ನೆಲ್ಲಿಯೂ ಹುಡುಕಬೇಡಿ.) ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ. ಕ್ಯಾಂಪಿನಲ್ಲಿ ಐದು ಗುಂಡು ಹಾರಿಸಿದ್ದರಂತೆ. ಐದೂ ಗುರಿಗೆ ಬಿದ್ದುವಂತೆ. ಮದುವೆಯಾದಾಗಿನಿಂದ ಈ ಕತೆ ಕೇಳುತ್ತ ಬಂದಿದ್ದೇನೆ. ವರ್ಷ ಕಳೆದ ಹಾಗೆ ಗುರಿ ದೂರ ದೂರ ಹೋಗುತ್ತಿತ್ತು. ಅಮೆರಿಕಕ್ಕೆ ಬರುವ ಹೊತ್ತಿಗೆ ಅದು ಚಾಮುಂಡಿಬೆಟ್ಟದ ಆಚೆ ತಲುಪಿತ್ತು.

ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ರೊನಾಲ್ಡ್ ಎಂಬಾತ ಕ್ಯಾಂಟೀನಿನಲ್ಲಿ ಈ ಕತೆ ಕೇಳಿ ನಂಬಿದ. ನಂಬಿದ್ದಲ್ಲದೆ ಇವರನ್ನು ತನ್ನ ರೈಫಲ್ ಕ್ಲಬ್ಬಿಗೆ ಸೇರಿಸಿದ. ೧೯೭೨ರಲ್ಲಿ ನಮ್ಮ ಮನೆಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಬಂತು. ತಂಬೂರಿ ಇರಬಹುದೆಂದು ನಾನು ಸಂತೋಷಪಟ್ಟೆ. ಬಿಚ್ಚಿದರೆ ರೈಫಲು.

ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವ ಮನುಷ್ಯ ಭಾನುವಾರ ಬಂತೆಂದರೆ ಬಂದೂಕು ಹಿಡಿದು ಹೊರಡತೊಡಗಿದರು. ಬೇಟೆಗಲ್ಲ. ಇನ್ನೂರು ಗಜ ದೂರದಲ್ಲಿ ಅಂಟಿಸಿದ ಕಾಗದಕ್ಕೆ ತೂತು ಮಾಡಲು. ಕಾಗದಕ್ಕೆ ತೂತು ಮಾಡಬೇಕಾದರೆ ದಬ್ಬಣ ಇರಲಿಲ್ಲವೇ ಎಂದು ಕೇಳಿದೆ. ನನ್ನಂಥವಳಿಗೆ ಕ್ರೀಡಾ ಮನೋಭಾವ ಅರ್ಥವಾಗುವುದಿಲ್ಲವಂತೆ. ಇತರರ ಗಂಡಂದಿರು ಗುಂಡು ಹಾಕುತ್ತಾರೆ, ನಮ್ಮವರು ಹಾರಿಸುತ್ತಾರೆ, ಅದಾದರೂ ಮೇಲು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಒಂದು ತಿಂಗಳು ನಡೆಯಿತು. ಆಮೇಲೆ ಬಂದೂಕಿಗೆ ಹಾಕುವ ತೋಟೆಯ ಡಬ್ಬದ ಬೆಲೆ ನನ್ನ ಕಿವಿಗೆ ಬಿತ್ತು.

ಒಂದು ಭಾನುವಾರ ನಾನೂ ಮಗಳು ಲೀನಾಳನ್ನು ಕರೆದುಕೊಂಡು ಹೋದೆ. ಇವರು ಹೊಟ್ಟೆಯ ಮೇಲೆ ಮಲಗಿ ಢಂ ಎನಿಸುತ್ತಿದ್ದರು. ಪ್ರತಿ ಢಂಗೂ ಬಂದೂಕಿನ ಪಕ್ಕದಿಂದ ಬೆರಳುದ್ದದ ಖಾಲಿ ತೋಟೆ ಚಿಮ್ಮಿ ಹುಲ್ಲಿಗೆ ಬೀಳುತ್ತಿತ್ತು. ಎತ್ತಿ ನೋಡಿದೆ. 

ಹಿತ್ತಾಳೆ! ಅಪ್ಪಟ ಹಿತ್ತಾಳೆ! ನಮ್ಮಮ್ಮ ಹಿತ್ತಾಳೆ ಸೌಟಿನ ಹಿಡಿ ಮುರಿದರೆ ಬೆಸುಗೆ ಹಾಕಿಸಿ, ಬೆಸುಗೆ ಬಿಟ್ಟರೆ ಕರಗಿಸಲು ಕೊಟ್ಟು ದೀಪದ ಕಂಬ ಮಾಡಿಸಿಕೊಂಡವಳು. ಇಲ್ಲಿ ಜನ ಅದನ್ನು ಬೂಟುಗಾಲಿನಲ್ಲಿ ಒದ್ದುಕೊಂಡು ಓಡಾಡುತ್ತಿದ್ದರು. ನಾನು ಸೀರೆ ಸೆರಗು ಚಾಚಿ ಆಯತೊಡಗಿದೆ. ರೊನಾಲ್ಡ್ ಬಂದು ನಗುತ್ತ, ಇವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರೂ ಇದ್ದಾರೆ, ನನಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ ಎಂದ. ಅಷ್ಟು ಸಾಕಾಯಿತು. ವಾಪಸು ಬರುವಾಗ ಕಾರಿನಲ್ಲಿ ಶುರುಮಾಡಿದೆ.

"ರೀ, ಆ ಡಬ್ಬದ ಬೆಲೇಲಿ ಹಿತ್ತಾಳೆಯದೇ ದೊಡ್ಡ ಪಾಲು ಇರ್ಬೇಕಲ್ವಾ?"

"ಇರುತ್ತೆ."

"ಅಂದ್ರೆ ಇಷ್ಟು ದಿನ ಸೋಡಾ ಕುಡಿದು ಬಾಟ್ಲಿ ಅಲ್ಲೇ ಎಸೆದು ಬಂದಿದೀರಿ."

"ಮನೇಲಿ ತುಂಬೋಕೆ ಮೆಷೀನು ಬೇಕು ಕಣೇ. ಖರ್ಚಾಗುತ್ತೆ."

"ಆಗ್ಲಿ. ಒಂದ್ಸಲ ತಾನೇ?"

(ಇಡೀ ಅಮೆರಿಕದಲ್ಲಿ ಗಂಡಂದಿರು ಕೇಳಲು ಕಾದಿರುವ ಮಾತು ಇದು. ಇವರು ಕೇಳದೆಯೇ ನಾನು ಕೊಟ್ಟೆ.)

ಒಪ್ಪಂದವೂ ಆಯಿತು. ನನ್ನ ತಂಗಿ ಪ್ರಭಾಳಿಗೆ ಗಂಡು ಗೊತ್ತಾಗಿತ್ತು, ಮುಂದಿನ ಕಾರ್ತಿಕದಲ್ಲಿ ಮದುವೆ. ನಾನು ಮೈಸೂರು ಬಿಟ್ಟು ಬಂದಮೇಲೆ ಒಮ್ಮೆಯೂ ಹೋಗಿರಲಿಲ್ಲ. ಹೊಸ ಮನೆಯ ಸಾಲ ಕಟ್ಟಿದ ಮೇಲೆ ವಿಮಾನದ ಟಿಕೆಟ್ಟಿಗೆ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ತೋಟೆಯಲ್ಲಿ ಉಳಿದದ್ದೆಲ್ಲ ನನ್ನ ಟಿಕೆಟ್ಟಿಗೆ ಎಂದು ಇವರು ಸ್ಟಿಯರಿಂಗ್ ಮುಟ್ಟಿ ಆಣೆ ಮಾಡಿದರು.

'ಒಂದ್ಸಲ' ಎಂಬುದು ಕಂತುಕಂತಾಗಿ ಮನೆಗೆ ಬಂತು. ಮೊದಲು ಪ್ರೆಸ್ಸು ಬಂತು. ನೋಡಲು ಥೇಟ್ ಶಾವಿಗೆ ಒರಳು, ಹಿಡಿ ಕೆಳಗೆ ಒತ್ತಬೇಕು. ಆಮೇಲೆ ಅದರೊಳಗೆ ಕೂರಿಸುವ ಅಚ್ಚುಗಳು. ಆಮೇಲೆ ಅಕ್ಕಸಾಲಿಗರದ್ದಕ್ಕಿಂತ ನಾಜೂಕಾದ ತಕ್ಕಡಿ. ಆಮೇಲೆ ತಕ್ಕಡಿಗೆ ಗಾಳಿ ತಾಗದಂತೆ ಗಾಜಿನ ಮರೆ. ಆಮೇಲೆ ಇಷ್ಟನ್ನೂ ಇಡಲು ಓಕ್ ಮರದ ಬೆಂಚು. (ನನಗೆ ಊಟದ ಮೇಜು ಕೊಡಿಸಿ ಎಂದಾಗ ಪ್ಲೈವುಡ್ಡೇ ಗಟ್ಟಿ ಎಂದಿದ್ದರು.)

ಕೆಲಸವೇನೋ ಸರಳ. ಖಾಲಿ ತೋಟೆ ತೊಳೆದು, ಬುಡದಲ್ಲಿರುವ ಸುಟ್ಟ ಬಿಲ್ಲೆ ಕಿತ್ತು, ಕಿಡಿ ಹಾರಿಸುವ ಹೊಸ ಬಿಲ್ಲೆ ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತುವುದು. ಇವರು ಎರಡು ಭಾನುವಾರ ಭಕ್ತಿಯಿಂದ ಮಾಡಿದರು. ಮೂರನೆಯ ಭಾನುವಾರ ಸೊಂಟ ಹಿಡಿಯಿತು.

"ನಿನ್ನ ಬೆರಳು ಸಣ್ಣದು ಕಣೇ. ಈ ಕೆಲಸಕ್ಕೆ ಅಂತಾನೇ ದೇವರು ಕೊಟ್ಟಿರೋದು."

"ವೀಣೆಗೆ ಅಂತ ಕೊಟ್ಟಿದ್ದ."

"ವೀಣೆ ನುಡಿಸಿದ್ರೆ ಟಿಕೆಟ್ ಬರುತ್ತಾ?"

ಟಿಕೆಟ್ ಎಂದ ಮೇಲೆ ಮಾತೇ ಇರಲಿಲ್ಲ. ಮದ್ದಿನ ಕಾರ್ಖಾನೆ ನನ್ನ ಪಾಲಿಗೆ ಬಂತು. ಲೀನಾಳನ್ನು ಸ್ಕೂಲ್ ಬಸ್ಸು ಹತ್ತಿಸಿ, ಹುಳಿಗೆ ಬೇಳೆ ಇಟ್ಟು, ಬೇಸ್‌ಮೆಂಟಿಗೆ ಇಳಿದು ತೋಟೆ ತುಂಬತೊಡಗಿದೆ. ತೊಳೆಯಲು ಪುಸ್ತಕದಲ್ಲಿ ಏನೇನೋ ಪುಡಿ, ತಿರುಗುವ ಡಬ್ಬ ಎಲ್ಲ ಹೇಳಿದ್ದರು. ನಾನು ಹುಣಸೆಹಣ್ಣು ಹಾಕಿ ಉಜ್ಜಿದೆ. ಗೌರಿಹಬ್ಬದ ದೀಪದ ಕಂಬದ ಹಾಗೆ ಫಳಫಳ ಹೊಳೆದವು. ಕ್ಲಬ್ಬಿನಲ್ಲಿ ಎಲ್ಲರೂ ಮುಗಿಬಿದ್ದು ನೋಡಿದರಂತೆ. ಅಮ್ಮ ಪಾರ್ಸೆಲ್ಲಿನಲ್ಲಿ ಕಳಿಸಿದ್ದ ಹುಣಸೆಹಣ್ಣು ಖರ್ಚಾಗಿ ಮನೆಯಲ್ಲಿ ನಿಂಬೆಹಣ್ಣಿನ ಸಾರೇ ಗತಿಯಾಯಿತು.

ಲೀನಾ ಒಂದು ತೋಟೆಯ ಚಿಪ್ಪನ್ನು ಸ್ಕೂಲಿಗೆ ಒಯ್ದು, ಕ್ಲಾಸಿನ ಮುಂದೆ ನಿಂತು, "ಮೈ ಮಾಮ್ ಮೇಕ್ಸ್ ಬುಲೆಟ್ಸ್" ಎಂದು ಭಾಷಣ ಮಾಡಿ ಬಂದಳು. ಪೊಲೀಸರು ಬರುತ್ತಾರೆಂದು ನಾನು ನಡುಗುತ್ತಿದ್ದರೆ ಟೀಚರಮ್ಮ ಫೋನ್ ಮಾಡಿ, ತನ್ನ ಗಂಡನ ಜಿಂಕೆ ಬೇಟೆಗೂ ಒಂದಿಷ್ಟು ತುಂಬಿಕೊಡಲು ಆಗುತ್ತದೆಯೇ ಎಂದು ಕೇಳಿದಳು. ಬೇಟೆಯ ಪಾಪ ನನಗೆ ಬೇಡ ಎಂದೆ. ಆದರೂ ಒಳಗೊಳಗೇ ಹೆಮ್ಮೆಯಾಯಿತು. ಡಿಗ್ರಿ ಮಾಡಿ, ಈ ದೇಶಕ್ಕೆ ಬಂದು, ಯಾರಾದರೂ ನನ್ನ ಕೈಕೆಲಸ ಹುಡುಕಿಕೊಂಡು ಫೋನ್ ಮಾಡಿದ್ದು ಅದೇ ಮೊದಲು.

ಹೆಮ್ಮೆ ಬಂದ ಮೇಲೆ ಬುದ್ಧಿಯೂ ಓಡಿತು. ನಮ್ಮ ತೌರಿನಲ್ಲಿ ದಿನಾ ಅನ್ನಕ್ಕಿಡುವ ಮುಂಚೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಮಠಕ್ಕೆ. ಉಣ್ಣುವವರಿಗೆ ಒಂದು ಹಿಡಿ ಕಡಿಮೆಯಾದದ್ದು ಗೊತ್ತೇ ಆಗುತ್ತಿರಲಿಲ್ಲ. ನಾನೂ ಹಾಗೇ ಮಾಡಿದೆ. ಪುಸ್ತಕ ಹೇಳಿದಷ್ಟು ಮದ್ದನ್ನು ಚಾಚೂ ತಪ್ಪದೆ ತೂಗಿ, ಪ್ರತಿ ತೋಟೆಯಿಂದ ಒಂದು ಚಿಟಿಕೆ ತೆಗೆದು ಹಳೆಯ ಕಾಫಿ ಡಬ್ಬಕ್ಕೆ ಹಾಕಿದೆ. ಶುಕ್ರವಾರದ ಹೊತ್ತಿಗೆ ಆ ಚಿಟಿಕೆಗಳಿಂದಲೇ ಮತ್ತಷ್ಟು ತೋಟೆ ತುಂಬುತ್ತಿದ್ದೆ. (ಅವುಗಳಿಂದಲೂ ಒಂದೊಂದು ಚಿಟಿಕೆ ತೆಗೆಯುತ್ತಿದ್ದೆ. ನಿಯಮವೆಂದರೆ ನಿಯಮ.) ಗಂಡನಿಗೆ ಹೇಳಲಿಲ್ಲ. ವರ್ಷದ ಕೊನೆಗೆ, ನೋಡಿ ನಿಮ್ಮ ಹೆಂಡತಿ ಎಂಥವಳು ಎಂದು ಬೆರಗುಗೊಳಿಸುವ ಆಸೆ.

ಆ ಬೇಸಿಗೆಯಲ್ಲಿ ಇವರ ಗುರಿ ಕೆಟ್ಟಿತು.

ಮೊದಲ ಗುಂಡು ಕಾಗದದಲ್ಲಿ ಬರೆದ ವೃತ್ತದಿಂದ ಮೇಲಕ್ಕೆ ಬಿದ್ದರೆ ಎರಡನೆಯದು ಕೆಳಗೆ, ಮೂರನೆಯದು ಅದಕ್ಕೂ ಕೆಳಗೆ, ನಾಲ್ಕನೆಯದು ಮತ್ತೆ ಮೇಲೆ. ಮೊದಲು ಕಾಫಿ ಕಾರಣ ಎಂದು ಕಾಫಿ ಬಿಟ್ಟರು. ಆಮೇಲೆ ಉಸಿರು ಕಾರಣ ಎಂದು ಬೆಳಿಗ್ಗೆ ಮೂಗು ಹಿಡಿದು ಪ್ರಾಣಾಯಾಮಕ್ಕೆ ಕುಳಿತರು. ಆಮೇಲೆ ಕಣ್ಣು. ಪಕ್ಕದೂರು ಆನ್ ಆರ್ಬರಿನ ದೊಡ್ಡ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡರು. ಕೈ ನಡುಗುತ್ತದೆಂದು ಸಂಜೆ ನಡುಮನೆಯಲ್ಲಿ ನನ್ನ ಇಸ್ತ್ರಿಪೆಟ್ಟಿಗೆಯನ್ನು ಮುಂಗೈ ಚಾಚಿ ಹಿಡಿದು ನಿಲ್ಲುತ್ತಿದ್ದರು. ಬಾಗಿಲಿಗೆ ಬಂದ ನೆಂಟರು ಶಿಕ್ಷೆ ಕೊಟ್ಟಿದ್ದೇನೆ ಎಂದುಕೊಂಡು ನನ್ನ ಮುಖ ನೋಡಿದರು.

ಅಷ್ಟಾದರೂ ಗುಂಡು ಮಾತು ಕೇಳಲಿಲ್ಲ. ರೈಫಲ್ಲಿಗೆ ದುರ್ಬೀನು ಬಂತು. ಗುರಿ ಕಲಿಸಲು ನಿವೃತ್ತ ಸೈನಿಕನೊಬ್ಬನ ಹತ್ತಿರ ಪಾಠವಾಯಿತು. ಅಭ್ಯಾಸ ಸಾಲದೆಂದು ಶನಿವಾರವೂ ಹೋಗತೊಡಗಿದರು. ನಾನು ಮೊದಲಿನ ಮೂರರಷ್ಟು ತುಂಬುತ್ತಿದ್ದೆ, ಇವರು ಮೂರರಷ್ಟು ಹಾರಿಸುತ್ತಿದ್ದರು. ಕೊನೆಗೆ ಬಂದೂಕಿನ ನಳಿಗೆಯೇ ಸವೆದಿದೆ ಎಂದು ತೀರ್ಮಾನಿಸಿ, ನಷ್ಟಕ್ಕೆ ಅದನ್ನು ಮಾರಿ, ಅದೇ ಅಳತೆಯ ಹೊಸ ರೈಫಲ್ ತಂದರು. ಹೊಸ ರೈಫಲ್ಲೂ ಹಳೆಯದರ ಹಾಗೇ ಮೇಲೆ ಕೆಳಗೆ ಹಾರಿಸಿತು.

"ನಿಮಗೆ ಬರಲ್ಲ ಅಂತ ಒಪ್ಕೊಳ್ಳಿ. ಎನ್.ಸಿ.ಸಿ.ಲಿ ಯಾರೋ ಪಕ್ಕದೋನು ನಿಮ್ಮ ಕಾಗದಕ್ಕೆ ಹೊಡೆದಿರ್ಬೇಕು."

ಇವರು ತಿರುಗಿ ಬೈಯಲಿಲ್ಲ. ಹೊಸ ಕನ್ನಡಕ ತೆಗೆದು ಒರೆಸಿಕೊಂಡು, "ಇರಬಹುದು" ಎಂದರು. ಆ ಮಾತು ನನ್ನ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಸ್ವಲ್ಪವೇ. ಆಗ ನನಗೆ ಟಿಕೆಟ್ಟಿನ ಯೋಚನೆ.

ಸೆಪ್ಟೆಂಬರಿನಲ್ಲಿ ಕೇಳಿದೆ.

"ರೀ, ಟಿಕೆಟ್ ಬುಕ್ ಮಾಡ್ಬೇಕಲ್ಲ. ಉಳಿದಿರೋದು ಎಷ್ಟಾಯ್ತು?"

ಇವರು ಪೇಪರಿನ ಪುಟ ಮಗುಚಿದರು.

"ಕೇಳಿಸ್ತಾ?"

"ಕೇಳಿಸ್ತು. ಒಂದೊಂದು ತೋಟೆಗೆ ಅರ್ಧಕ್ಕರ್ಧ ಉಳಿದಿದೆ ವಸುಧಾ, ಅದರಲ್ಲಿ ಸುಳ್ಳಿಲ್ಲ. ಆದ್ರೆ ತೋಟೆ ಜಾಸ್ತಿ ಆಯ್ತು. ದುರ್ಬೀನು, ಪಾಠ, ರೈಫಲ್ಲು..."

"ಉಳಿದಿರೋದು ಎಷ್ಟು?"

"ಏನೂ ಇಲ್ಲ."

ನಾನು ಅಳಲಿಲ್ಲ. ಅತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಬೇಸ್‌ಮೆಂಟಿಗೆ ಹೋಗಿ ಪ್ರೆಸ್ಸಿನ ಮೇಲೆ ಹಳೆಯ ಬೆಡ್‌ಶೀಟ್ ಮುಚ್ಚಿ, ಇನ್ನು ಒಂದು ತೋಟೆಯನ್ನೂ ಮುಟ್ಟುವುದಿಲ್ಲ ಎಂದು ಮುಷ್ಕರ ಸಾರಿದೆ. ಪ್ರಭಾಳ ಮದುವೆ ನನ್ನನ್ನು ಬಿಟ್ಟೇ ಆಯಿತು. ಅಲ್ಲಿ ಬೀಗರ ಔತಣ ನಡೆದ ದಿನ ನಾನು ಇಲ್ಲಿ ರೇಷ್ಮೆ ಸೀರೆ ಉಟ್ಟು, ತಲೆಗೆ ಪ್ಲಾಸ್ಟಿಕ್ ಮಲ್ಲಿಗೆ ಮುಡಿದು, ಲೀನಾಗೆ ಸ್ಯಾಂಡ್‌ವಿಚ್ ಕಟ್ಟಿಕೊಟ್ಟೆ. ಮಕ್ಕಳು ವೇಷ ಕಟ್ಟುವ ಹ್ಯಾಲೋವೀನ್ ಆಗತಾನೇ ಮುಗಿದಿತ್ತು. "ಈಸ್ ಇಟ್ ಹ್ಯಾಲೋವೀನ್ ಅಗೇನ್?" ಎಂದು ಅವಳು ಕೇಳಿದಳು.

ಅದಾದ ಮೇಲೆ ಕ್ಲಬ್ಬಿನ ವಾರ್ಷಿಕ ಪಂದ್ಯ ಬಂತು. ಇವರಿಗೆ ಹೋಗುವ ಮನಸ್ಸಿರಲಿಲ್ಲ, ರೊನಾಲ್ಡ್ ಎಳೆದುಕೊಂಡು ಹೋದ. ನಾನು ತುಂಬಿಟ್ಟಿದ್ದ ತೋಟೆಗಳು ಕೆಳಗೆ ಇದ್ದವು. ಅವನ್ನು ಕೇಳಲು ಧೈರ್ಯವಾಗದೆ ದಾರಿಯಲ್ಲಿ ಅಂಗಡಿಯಿಂದ ಒಂದು ಡಬ್ಬ ಕೊಂಡರಂತೆ.

ಸಂಜೆ ಕಾರು ಬಂತು. ಇವರು ಎರಡೂ ಕೈಯಲ್ಲಿ ಕೂಸಿನ ಹಾಗೆ ಏನನ್ನೋ ಅಪ್ಪಿಕೊಂಡು ಒಳಗೆ ಬಂದರು. ಪ್ಲಾಸ್ಟಿಕ್ ಸುತ್ತಿದ, ಕಲ್ಲಿನಂತೆ ಹೆಪ್ಪುಗಟ್ಟಿದ, ಬಿಳಚಿಕೊಂಡ ಒಂದು ದೊಡ್ಡ ಮುದ್ದೆ.

"ವಸುಧಾ! ಫಸ್ಟ್ ಪ್ರೈಜ್! ಎಲ್ಲಾ ಗುಂಡೂ ಒಂದೇ ಜಾಗಕ್ಕೆ!"

"ಇದೇನ್ರೀ?"

"ಟರ್ಕಿ ಕೋಳಿ."

ನಾನು ಮೂರು ಹೆಜ್ಜೆ ಹಿಂದೆ ಹಾರಿದೆ. ಒಂದು ವರ್ಷದ ದುಡಿಮೆಯಲ್ಲಿ ನಮ್ಮ ಮಡಿವಂತ ಮನೆತನಕ್ಕೆ ಬಂದ ಏಕಮಾತ್ರ ಸಂಪಾದನೆ ಅದು. ಹೊರಗೆ ಇಟ್ಟರೆ ನಾಯಿ ಎಳೆಯುತ್ತದೆಂದು ಮೂರು ಪದರ ಪೇಪರಿನಲ್ಲಿ ಸುತ್ತಿ ಗ್ಯಾರೇಜಿನ ಫ್ರೀಜರಿಗೆ ಹಾಕಿಸಿದೆ. ಅಲ್ಲಿದ್ದ ನನ್ನ ತೆಂಗಿನತುರಿಯನ್ನೆಲ್ಲ ಎಸೆಯಬೇಕಾಯಿತು.

ಮಾರನೆಯ ದಿನ ಇವರು ಕೆಳಗೆ ಹೋಗಿ ಬಹಳ ಹೊತ್ತು ಏನೋ ಕುಟ್ಟುತ್ತಿದ್ದರು. ಆಮೇಲೆ ಕೂಗಿದರು.

"ವಸುಧಾ, ಒಂದ್ನಿಮಿಷ ಬಾ."

"ಬೈಯೋದಾದ್ರೆ ಅಲ್ಲಿಂದಲೇ ಬೈರಿ. ಬಟ್ಟೆ ಮಡಚ್ತಿದೀನಿ."

"ಬೈಯಲ್ಲ. ಬಾ."

ಓಕ್ ಬೆಂಚಿನ ಮೇಲೆ ಬಿಳಿ ಕಾಗದ ಹಾಸಿತ್ತು. ನಾನು ತುಂಬಿದ್ದ ತೋಟೆಗಳ ಗುಂಡು ಕಿತ್ತು, ಒಳಗಿನ ಮದ್ದನ್ನು ಸಾಲಾಗಿ ಸುರಿದಿಟ್ಟಿದ್ದರು. ಒಂದೊಂದರ ಪಕ್ಕದಲ್ಲೂ ತೂಕ ಬರೆದಿತ್ತು. ಒಂದರ ಹಾಗೆ ಇನ್ನೊಂದಿರಲಿಲ್ಲ.

"ಇದ್ಯಾಕೆ ಹೀಗೆ?"

"ತೂಕ ಮಾಡೇ ಹಾಕಿದ್ದು. ತಾಯಾಣೆ."

"ಆಮೇಲೆ?"

"ಆಮೇಲೆ ಒಂದು ಚಿಟಿಕೆ ತೆಗೆದಿಟ್ಟೆ."

"ಯಾಕೆ?"

"ಉಳಿತಾಯಕ್ಕೆ!"

"ಚಿಟಿಕೆ ಅನ್ನೋದು ಒಂದು ಅಳತೆನಾ? ಒಂದ್ಸಲ ಇಷ್ಟು ಬರುತ್ತೆ, ಒಂದ್ಸಲ ಅಷ್ಟು. ಗುಂಡು ಮೇಲೆ ಕೆಳಗೆ ಹೋಗ್ದೆ ಏನ್ಮಾಡುತ್ತೆ?"

"ನಿಮ್ಮಮ್ಮ ಜೀವನವೆಲ್ಲ ಚಿಟಿಕೆ ಅಳತೇಲೇ ಸಾರು ಮಾಡಿಲ್ವಾ?"

"ಸಾರು ಇನ್ನೂರು ಗಜ ಹಾರಬೇಕಾಗಿಲ್ಲ ಕಣೇ!"

ಬೆಂಕಿಯಂಥ ಉತ್ತರ ನಾಲಗೆ ತುದಿಗೆ ಬಂದಿತ್ತು. ಆದರೆ ಇವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ನಾನು ಕಣ್ಣು ಹೋಯ್ತು ಅಂದ್ಕೊಂಡಿದ್ದೆ. ನಮ್ಮಪ್ಪನಿಗೆ ಹೀಗೇ ಶುರುವಾಗಿತ್ತಲ್ಲ, ಕೈ ನಡುಕ, ಅದೂ ಬಂತು ಅಂದ್ಕೊಂಡೆ. ನಿನಗೆ ಹೇಳಿದ್ರೆ ಹೆದರ್ತೀಯ ಅಂತ ಹೇಳ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವರ ಪಕ್ಕದಲ್ಲಿ ಕುಳಿತೆ. ಎಷ್ಟಾದರೂ ಇಂಜಿನಿಯರಲ್ಲವೇ, ಸ್ವಲ್ಪ ಹೊತ್ತಿಗೆ ಜೇಬಿನಿಂದ ಸ್ಲೈಡ್ ರೂಲ್ ತೆಗೆದು, ನಾನು ವರ್ಷವೆಲ್ಲ ಚಿಟಿಕೆಯಲ್ಲಿ ಉಳಿಸಿದ ಮದ್ದಿನ ಬೆಲೆ ಲೆಕ್ಕ ಹಾಕಿದರು. ಏರ್‌ಪೋರ್ಟಿನ ಟ್ಯಾಕ್ಸಿಗೂ ಸಾಲುತ್ತಿರಲಿಲ್ಲ. ಆ ಚಿಟಿಕೆಯ ದೆಸೆಯಿಂದ ಬಂದ ಕನ್ನಡಕ, ದುರ್ಬೀನು, ಪಾಠ, ರೈಫಲ್ಲು, ಹೆಚ್ಚಿಗೆ ಹಾರಿಸಿದ ತೋಟೆ, ಎಲ್ಲ ಕೂಡಿಸಿದರೆ ನಾನು ಮೈಸೂರಿಗೆ ಹೋಗಿ, ಪ್ರಭಾಳ ಮದುವೆ ಮುಗಿಸಿ, ಬರುವಾಗ ಹುಣಸೆಹಣ್ಣನ್ನೂ ತರಬಹುದಾಗಿತ್ತು. ನನ್ನ ಟಿಕೆಟ್ಟನ್ನು ಗಂಡ ಸುಟ್ಟರೆಂದು ಅಮ್ಮನಿಗೆ, ಪ್ರಭಾಗೆ, ಡೆಟ್ರಾಯಿಟ್ ಸುತ್ತಲಿನ ಕನ್ನಡದ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಸುಟ್ಟವಳು ನಾನು. ಅದೂ ಚಿಟಿಕೆ ಚಿಟಿಕೆಯಾಗಿ.

ಇವರು ಪ್ರೆಸ್ಸನ್ನು ರೊನಾಲ್ಡ್‌ಗೆ ಮಾರಿದರು. ಫಳಫಳ ಹೊಳೆಯುವ ತೋಟೆಗಳನ್ನು ನೋಡಿದಾಗಿನಿಂದ ಅವನ ಹೆಂಡತಿ ನ್ಯಾನ್ಸಿ ತಾನೇ ತುಂಬಿ ದುಡ್ಡು ಉಳಿಸುತ್ತೇನೆಂದು ಹಟ ಹಿಡಿದಿದ್ದಳಂತೆ. ಶನಿವಾರ ಇಬ್ಬರೂ ಟ್ರಕ್ ತಂದರು. ಗಂಡಸರು ಪ್ರೆಸ್ಸು ಹೊರುವಾಗ ನ್ಯಾನ್ಸಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ವಾಸೂಡಾ, ನಿಜ ಹೇಳು. ನೀನು ಒಂದು ವರ್ಷ ಮಾಡಿದ್ದೀಯ. ಇದರಲ್ಲಿ ದುಡ್ಡು ಉಳಿಯುತ್ತಾ?"

"ಉಳಿಯುತ್ತೆ" ಎಂದೆ. "ಪುಸ್ತಕದಲ್ಲಿ ಹೇಳಿದಷ್ಟೇ ಮದ್ದು ಹಾಕಬೇಕು. ಒಂದು ಕಾಳು ಹೆಚ್ಚೂ ಬೇಡ, ಕಡಿಮೆಯೂ ಬೇಡ."

"ಹೆಚ್ಚು ಹಾಕಿದರೆ ಅಪಾಯ, ಗೊತ್ತು. ಆದರೆ ಕಡಿಮೆ ಯಾರು ಹಾಕುತ್ತಾರೆ? ಅಷ್ಟು ದಡ್ಡರು ಎಲ್ಲಾದರೂ ಇರುತ್ತಾರಾ?" ಎಂದು ನ್ಯಾನ್ಸಿ ಮನಸಾರೆ ನಕ್ಕಳು.

ಪ್ರೆಸ್ಸಿನ ಒಂದು ತುದಿ ಹಿಡಿದಿದ್ದ ನಮ್ಮವರು ಕೆಮ್ಮಿದರು. ಕನ್ನಡದಲ್ಲಿ, "ಹೇಳ್ಲಾ?" ಎಂದರು.

"ಬಾಯಿ ಮುಚ್ಕೊಂಡು ಅದನ್ನ ಎತ್ಕೊಂಡ್ಹೋಗಿ" ಎಂದೆ, ಮುಖದ ಮೇಲಿನ ನಗೆ ಕದಲಿಸದೆ.

"ಏನಂತೆ?" ಎಂದ ರೊನಾಲ್ಡ್.

"ಫ್ರೀಜರಿನಲ್ಲಿರುವ ಟರ್ಕಿಯನ್ನೂ ನಿಮಗೇ ಕೊಡಬೇಕಂತೆ" ಎಂದರು ನಮ್ಮವರು.

ನ್ಯಾನ್ಸಿಯ ಕಣ್ಣಲ್ಲಿ ನೀರೇ ಬಂತು. ಮನೆಮನೆಯಲ್ಲೂ ಟರ್ಕಿ ಬೇಯಿಸುವ ಹಬ್ಬದ ಮುಂಚೆ ಅಷ್ಟು ದೊಡ್ಡದನ್ನು ಯಾರಾದರೂ ಹಾಗೆ ಎತ್ತಿ ಕೊಡುತ್ತಾರೆಯೇ ಎಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು.

"ಜೇ, ನೀನು ಪುಣ್ಯವಂತ" ಎಂದಳು ಇವರಿಗೆ. "ಇಷ್ಟು ಧಾರಾಳ ಕೈಯ ಹೆಂಗಸನ್ನು ನಾನು ನೋಡೇ ಇಲ್ಲ."

ನಮ್ಮವರು ಪ್ರೆಸ್ಸನ್ನು ಡ್ರೈವ್‌ವೇ ಮೇಲೆ ಇಳಿಸಿ, ಅದರ ಮೇಲೇ ಕುಳಿತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ನಿಲ್ಲುವವರೆಗೆ ರೊನಾಲ್ಡ್ ಟ್ರಕ್ಕಿನ ಬಾಗಿಲು ತೆರೆದುಕೊಂಡು ಕಾಯುತ್ತ ನಿಂತಿದ್ದ. ನಾನು ನ್ಯಾನ್ಸಿಯ ತೋಳಿನಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾರದೆ, ಥ್ಯಾಂಕ್ಯೂ ಎಂದೆ.